ನಿಮ್ಮ ಹೆಬ್ಬೆಟ್ಟು ಮ್ಯಾಚ್ ಆಗ್ತಿಲ್ಲ

ಮಲೆಬೆನ್ನೂರಿನಲ್ಲಿ ನೀವು ನೀವೇ ಎಂದು ಸಾಬೀತು ಮಾಡುವುದೇ ಒಂದು ಪೂರ್ಣಾವಧಿ ಕೆಲಸ. ಪಡಿತರಕ್ಕೆ ಹೆಬ್ಬೆಟ್ಟು. ಬೆಳೆ ಪರಿಹಾರಕ್ಕೆ ಆಧಾರ್, ಪಹಣಿ, ಫ್ರೂಟ್ಸ್ ಐಡಿ, ಅದರ ಮೇಲೊಂದು ಓಟಿಪಿ. ಓಟಿಪಿ ಬರುವುದು ದಾವಣಗೆರೆಯ ಕಾಲೇಜಿಗೆ ಹೋದ ಮಗನ ಮೊಬೈಲಿಗೆ. ಅವನು ಕ್ಲಾಸಿನಲ್ಲಿದ್ದಾನೆ.

ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿ ಮಾಡಿ ಮಾಡಿ ಸವೆದ ಬೆರಳು. ಯಂತ್ರ ಒಪ್ಪುವುದಿಲ್ಲ. "ಅಜ್ಜಿ, ಬೆರಳು ಒರೆಸ್ಕಂಡು ಇನ್ನೊಂದ್ಸಲ ಒತ್ತು." ಸೆರಗಿಗೆ ಒರೆಸಿ ಒತ್ತುತ್ತಾಳೆ. ಕೆಂಪು ದೀಪ. ಈ ಊರಿನ ಭತ್ತಕ್ಕೆ ಅವಳ ಗುರುತಿದೆ, ಅಕ್ಕಿಗಿಲ್ಲ.

ಇಷ್ಟೆಲ್ಲ ಹಿಂಡಿ ತೆಗೆದ ಗುರುತು ಮುಂದೆ ಸಾಗುವುದು ಯಾವುದರ ಮೂಲಕ? ಕಚೇರಿ ಮೂಲೆಯ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತ ದೀಪ ಮಿಣುಕಿಸುವ ನೆಟ್‌ವರ್ಕ್ ಸ್ವಿಚ್. ಯಾವ ಕಂಪ್ಯೂಟರಿನ ಮಾತು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಅದೇ. ಅದರ ಒಡೆತನ ಸಿಕ್ಕರೆ ಕಚೇರಿಯೇ ಸಿಕ್ಕಂತೆ.

ಆ ಒಡೆತನಕ್ಕೆ ಹೆಬ್ಬೆಟ್ಟು ಬೇಕೆ? 2023ರ ಅಕ್ಟೋಬರ್ 16ರಂದು ಸಿಸ್ಕೋ ಕಂಪನಿ ಉತ್ತರ ಕೊಟ್ಟಿತು. ತನ್ನ ಐಒಎಸ್ ಎಕ್ಸ್‌ಇ ತಂತ್ರಾಂಶದ ರೌಟರು, ಸ್ವಿಚ್ಚುಗಳ ವೆಬ್ ಪುಟ ಇಂಟರ್‌ನೆಟ್ಟಿಗೆ ತೆರೆದಿದ್ದರೆ ಪಾಸ್‌ವರ್ಡೂ ಬೇಡ. ಯಾರೋ ದಾರಿಹೋಕ ಬಂದು ತನಗೊಂದು ಖಾತೆ ಮಾಡಿಕೊಳ್ಳಬಹುದು. ಸಣ್ಣಪುಟ್ಟ ಖಾತೆಯಲ್ಲ, ಲೆವೆಲ್ 15. ಅದರ ಮೇಲೆ ಇನ್ನೊಂದು ಮೆಟ್ಟಿಲಿಲ್ಲ. ಅಪಾಯಕ್ಕೆ ಸಿಕ್ಕ ಅಂಕ ಹತ್ತಕ್ಕೆ ಹತ್ತು.

ಒಳಹೊಕ್ಕ ರೀತಿ ನೋಡಿ. ವಿಳಾಸ ಓದಿ ಒಳಗೆ ಬಿಡುವ ಕಾವಲು ಮುಂದಿತ್ತು. ವಿಳಾಸದ ಒಂದೇ ಅಕ್ಷರವನ್ನು ಎರಡು ಪದರ ಸಂಕೇತದಲ್ಲಿ ಸುತ್ತಿ ಕೊಟ್ಟರೆ, ಅದು ನಿಷಿದ್ಧ ಬಾಗಿಲೆಂದು ಕಾವಲಿಗೆ ತಿಳಿಯುತ್ತಿರಲಿಲ್ಲ. ಒಳಗಿನ ವ್ಯವಸ್ಥೆ ಪದರ ಬಿಚ್ಚಿ ಓದಿಕೊಂಡಿತು. ಮುಂದಿನವರು ವಿಚಾರಿಸಿಯೇ ಬಿಟ್ಟಿರುತ್ತಾರೆ ಎಂದು ನಂಬಿತು. ಅಮೆರಿಕದ ಕಂಪನಿಗೆ ನಮ್ಮ ಕಡತ ವಿಲೇವಾರಿ ಕಲಿಸಿದವರು ಯಾರೋ!

ಕೆಲವೇ ದಿನಗಳಲ್ಲಿ 40 ಸಾವಿರಕ್ಕೂ ಹೆಚ್ಚು ಸಾಧನಗಳಲ್ಲಿ ಕಳ್ಳ ಪ್ರೋಗ್ರಾಂ ಕೂತಿತ್ತು. ತಿದ್ದುಪಡಿ ಬರಲು ಶುರುವಾದದ್ದು 22ರಂದು. ನಮ್ಮಲ್ಲಂತೂ ಎಲ್ಲ ಯಂತ್ರಕ್ಕೂ ಒಂದೇ ಮದ್ದು: "ಆಫ್ ಮಾಡಿ ಆನ್ ಮಾಡ್ರಿ." ಹಾಗೆ ಮಾಡಿದರೆ ಆ ಪ್ರೋಗ್ರಾಂ ಅಳಿಯುತ್ತಿತ್ತು, ಕಳ್ಳನ ಖಾತೆ ಉಳಿಯುತ್ತಿತ್ತು. ಕಳ್ಳನ ಚಪ್ಪಲಿ ಹೊರಗೆಸೆದು ಅವನಿಗೆ ಚಾಪೆ ಹಾಸಿದ ಹಾಗೆ. ಎರಡು ವರ್ಷ ಕಳೆದ ಮೇಲೂ, 2025ರ ಅಕ್ಟೋಬರಿನಲ್ಲಿ, ತನ್ನ ದೇಶದಲ್ಲಿ ಕಳ್ಳ ಪ್ರೋಗ್ರಾಂ ಕೂತ 150ಕ್ಕೂ ಹೆಚ್ಚು ಸಾಧನಗಳಿವೆ ಎಂದು ಆಸ್ಟ್ರೇಲಿಯಾ ಎಚ್ಚರಿಸಬೇಕಾಯಿತು.

ಅವರು ಎಣಿಸಿದರಾದರೂ.

ನಮ್ಮ ದಾಖಲೆಯೇನು ಕಡಿಮೆಯೇ? 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ನುಗ್ಗಿ ಸುಮಾರು 11.5 ಕೋಟಿ ರೂಪಾಯಿ ಠೇವಣಿ ಹಣ ಎತ್ತಿದರು. ಪಾರದರ್ಶಕ ಟೆಂಡರಿಗೆಂದು ಕಟ್ಟಿದ ತಾಣ. ಕಳ್ಳರಿಗೂ ಪಾರದರ್ಶಕವಾಯಿತು. 2023ರಲ್ಲಿ ಕಾವೇರಿ ತಾಣದ ನೋಂದಣಿ ಪತ್ರಗಳಿಂದ ಜನರ ಹೆಬ್ಬೆಟ್ಟನ್ನೇ ಕದ್ದು, ಅಚ್ಚು ತೆಗೆದು, ಆಧಾರ್ ಪಾವತಿಯಲ್ಲಿ ಬ್ಯಾಂಕ್ ಖಾತೆ ಬರಿದು ಮಾಡಿದರು. ಅಲ್ಲಿ ಓಟಿಪಿ ಕೇಳುವ ಪದ್ಧತಿಯಿಲ್ಲ. ಅಸಲಿ ಬೆರಳಿಗೆ ಕೆಂಪು, ನಕಲಿಗೆ ಹಸಿರು.

ನಿಯಮಕ್ಕೆ ಬರವಿಲ್ಲ. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು 2022ರಲ್ಲೇ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಆದೇಶಿಸಿದೆ. ಗಮನಕ್ಕೆ ಬಂದರೆ ತಾನೆ ಗಡಿಯಾರ ಓಡುವುದು? ನಾವು ಗಮನ ಕೊಡುವುದೇ ಇಲ್ಲ. ಕಾನೂನು ಪಾಲನೆ ನೂರಕ್ಕೆ ನೂರು.

ಸ್ವಿಚ್ ಕೊಳ್ಳಲು ಟೆಂಡರಿದೆ. ಉದ್ಘಾಟನೆಗೆ ಟೇಪು, ಶಾಲು, ಹಾರವಿದೆ. ಅಪ್‌ಡೇಟ್ ಮಾಡಲು ಆಳಿಲ್ಲ. ನಿರ್ವಹಣೆಯ ಗುತ್ತಿಗೆ, ಅಂದರೆ ಎಎಂಸಿ, ಮುಗಿದಿದೆ. ಪಾಸ್‌ವರ್ಡ್ ಹಾಕಿದ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದಾನೆ. ಯಾವ ಕಚೇರಿ ಎಂದು ಕೇಳಬೇಡಿ. ಯಾವುದು ಹೀಗಿಲ್ಲ, ಅದನ್ನು ಹೇಳಿ.

ಆ ವೆಬ್ ಪುಟ ಮುಚ್ಚಿಬಿಡಿ ಎಂದು ಸಿಸ್ಕೋ ಮೊದಲ ದಿನವೇ ಹೇಳಿತ್ತು. ಬೇಕಾದದ್ದು ಒಂದೆರಡು ಸಾಲಿನ ಕಮಾಂಡ್. ಟೈಪ್ ಮಾಡಲು ಒಂದು ನಿಮಿಷ ಸಾಕು. ಆ ಒಂದು ನಿಮಿಷದ ಬಿಲ್ಲನ್ನು ಯಾವ ಹೆಡ್ಡಿನಲ್ಲಿ ಹಾಕಬೇಕೆಂದು ಕೇಳಿ ಫೈಲು ಮೇಲಕ್ಕೆ ಹೋಗಿದೆ.