ಇದನ್ನೇ ಖುದ್ದು ಕರೆಯೆಂದು ಭಾವಿಸಿ

ಒಬ್ಬರು ಬರೆದ, ಅಥವಾ ಬರೆಯುವ ಶ್ರಮವಿಲ್ಲದೆ ಎಲ್ಲಿಂದಲೋ ಎತ್ತಿಕೊಂಡ, ಒಂದೇ ಒಕ್ಕಣೆಯನ್ನು ಹೆಸರು ಕೂಡ ಬದಲಿಸದೆ ಏಕಕಾಲಕ್ಕೆ ಹಲವರಿಗೆ ರವಾನಿಸಿದರೆ ಅದನ್ನು ಸಾಮೂಹಿಕ ಸಂದೇಶ ಎನ್ನಬಹುದು. ಇಂದಿನ ಬಳಕೆಯಲ್ಲಿ ಇದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಗ್ರೂಪ್, ಇಲ್ಲಿ ಎಲ್ಲರ ಮಾತೂ ಎಲ್ಲರಿಗೂ ಕಾಣುವುದರಿಂದ ಅದು ತನಗೊಬ್ಬನಿಗೇ ಹೇಳಿದ್ದೆಂದು ಯಾರೂ ಭ್ರಮಿಸುವ ಪ್ರಮೇಯವಿಲ್ಲ. ಎರಡನೆಯದು ಬ್ರಾಡ್‌ಕಾಸ್ಟ್ ಪಟ್ಟಿ; ವಾಟ್ಸಾಪಿನಲ್ಲಿ 256 ಮಂದಿಯವರೆಗೆ ಒಂದೇ ಪಟ್ಟಿಗೆ ಸೇರಿಸಿ ಒಮ್ಮೆ ಒತ್ತಿದರೆ ಸಾಕು, ಸಂದೇಶವು ಪ್ರತಿಯೊಬ್ಬರಿಗೂ ಅವರಿಗೆಂದೇ ಬರೆದದ್ದೆಂಬಂತೆ ಪ್ರತ್ಯೇಕವಾಗಿ ಹೋಗಿ ಸೇರುತ್ತದೆ. ಆದರೆ ಕಳುಹಿಸುವವರ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುವ ಏರ್ಪಾಡು ಇರುವುದರಿಂದ, ತನ್ನನ್ನು ಪರಿಚಿತನೆಂದು ಎಷ್ಟು ಮಂದಿ ಒಪ್ಪಿಕೊಂಡಿದ್ದಾರೆ ಎಂಬ ಜನಗಣತಿಯೂ ಅಲ್ಲಿಯೇ ಸದ್ದಿಲ್ಲದೆ ನಡೆದುಹೋಗುತ್ತದೆ. ಆ ಗಣತಿಯ ಫಲಿತಾಂಶವನ್ನು ತೆರೆದು ನೋಡುವ ಧೈರ್ಯ ಹೆಚ್ಚಿನವರಿಗೆ ಇರುವುದಿಲ್ಲ.

ಈ ವಿದ್ಯೆ ಹೊಸದೇನಲ್ಲ. ಅಂಚೆ ಕಾರ್ಡಿಗೆ 15 ಪೈಸೆ ಇದ್ದ ಕಾಲದಲ್ಲಿಯೂ ತಿರುಪತಿ ತಿಮ್ಮಪ್ಪನ ಮಹಿಮೆಯನ್ನೋ ಸಂತೋಷಿ ಮಾತೆಯ ಪವಾಡವನ್ನೋ ವರ್ಣಿಸಿ, ಇದನ್ನು ಇಷ್ಟು ಮಂದಿಗೆ ನಕಲು ಮಾಡಿ ಕಳುಹಿಸಿದವರಿಗೆ ಧನಲಾಭವಾಯಿತೆಂದೂ ಹರಿದೆಸೆದವರ ನೌಕರಿ ಹೋಯಿತೆಂದೂ ಎಚ್ಚರಿಸುವ, ಕೆಳಗೆ ರುಜುವಿಲ್ಲದ ಕಾರ್ಡುಗಳು ಮನೆಮನೆಗೆ ಬರುತ್ತಿದ್ದವು. ಇಪ್ಪತ್ತೊಂದು ಪ್ರತಿ ಎಂದು ಇಟ್ಟುಕೊಂಡರೂ ಭಕ್ತರಿಗೆ 3 ರೂಪಾಯಿ 15 ಪೈಸೆಯ ವೆಚ್ಚ, ಒಂದು ಸಂಜೆಯ ಬೆರಳುನೋವು ಮತ್ತು ಅಂಚೆ ಡಬ್ಬದವರೆಗಿನ ನಡಿಗೆ ಖಾತ್ರಿಯಿದ್ದುದರಿಂದ, ನೌಕರಿ ಹೋದರೆ ಹೋಗಲಿ ಎಂದು ಸುಮ್ಮನಾದವರೇ ಬಹುಮಂದಿ. ಅಂದರೆ ಆ ಕಾಲದಲ್ಲಿ ಸಾಮೂಹಿಕ ಸಂದೇಶದ ಶಿಷ್ಟಾಚಾರವನ್ನು ಸ್ವತಃ ಅಂಚೆ ಇಲಾಖೆ ಕಾಯುತ್ತಿತ್ತು.

ಮೊಬೈಲ್ ಬಂದ ಮೇಲೆ ಆ ಕೆಲಸ ಕಂಪನಿಗಳಿಗೆ ವರ್ಗವಾಯಿತು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಹೋದ ಮೊದಲ ಎಸ್ಸೆಮ್ಮೆಸ್ಸೇ ಕ್ರಿಸ್‌ಮಸ್ ಶುಭಾಶಯವಾಗಿದ್ದುದನ್ನು ಗಮನಿಸಿದರೆ ಈ ಮಾಧ್ಯಮದ ಜಾತಕ ಹುಟ್ಟುವಾಗಲೇ ಬರೆದಿತ್ತೆನ್ನಬೇಕು. ಒಂದು ಎಸ್ಸೆಮ್ಮೆಸ್ಸಿಗೆ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡ ಲಿಪಿಗೆ ಸಿಕ್ಕುತ್ತಿದ್ದುದು 70 ಸ್ಥಾನ, ಅದರಲ್ಲಿಯೂ ಗುಣಿತ, ಒತ್ತುಗಳಿಗೆ ಬೇರೆ ಬೇರೆ ಲೆಕ್ಕ. ಹೀಗಾಗಿ ಯುಗಾದಿಯ ಹಾರೈಕೆ ಇಂಗ್ಲಿಷ್ ಅಕ್ಷರದ ವೇಷ ತೊಟ್ಟು ಬರಬೇಕಾಯಿತು. ಹಬ್ಬದ ದಿನಗಳಲ್ಲಿ ಕಂಪನಿಗಳು ಉಚಿತ ಪ್ಯಾಕನ್ನು ರದ್ದುಮಾಡಿ ಪ್ರತಿ ಸಂದೇಶಕ್ಕೂ ಕಾಸು ಕೀಳುತ್ತಿದ್ದವು. ಜಾಹೀರಾತಿನವರ ಕಾಟ ತಪ್ಪಿಸಲೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2011ರ ಸೆಪ್ಟೆಂಬರಿನಲ್ಲಿ ಒಂದು ಸಿಮ್ಮಿಗೆ ದಿನಕ್ಕೆ 100 ಸಂದೇಶ ಎಂಬ ಮಿತಿ ಹಾಕಿ, ನವೆಂಬರಿನಲ್ಲಿ ಅದನ್ನು 200ಕ್ಕೆ ಏರಿಸಿತು. ಒಬ್ಬ ಪ್ರಜೆಗೆ ದಿನವೊಂದಕ್ಕೆ ಎಷ್ಟು ಮಂದಿಯ ನೆನಪಾಗಬಹುದೆಂಬುದನ್ನು ಶಾಸನಬದ್ಧ ಸಂಸ್ಥೆಯೊಂದು ಅಂಕಿಯಲ್ಲಿ ಗೊತ್ತುಪಡಿಸಿದ ನಿದರ್ಶನ ಇತಿಹಾಸದಲ್ಲಿ ಬಹಳ ಇರಲಾರದು.

2009ರಲ್ಲಿ ಹುಟ್ಟಿದ ವಾಟ್ಸಾಪ್ ಈ ಕಾವಲನ್ನು ತೆಗೆದುಹಾಕಿತು. ಇಂಟರ್ನೆಟ್ಟಿನ ದರ ಇಳಿದ ಮೇಲಂತೂ ಕಳುಹಿಸುವವರ ಪಾಲಿನ ವೆಚ್ಚ ಸೊನ್ನೆಗೆ ಬಂದಿತು. ಆದರೆ ವೆಚ್ಚ ಮಾಯವಾಗಲಿಲ್ಲ, ತೆಗೆದು ನೋಡುವ, ಉತ್ತರಿಸಬೇಕೋ ಬೇಡವೋ ಎಂದು ಯೋಚಿಸುವ, ಕಡೆಗೆ ಅಳಿಸುವ ಶ್ರಮವಾಗಿ ಪಡೆಯುವವರ ತಲೆಯ ಮೇಲೆ ಬಂದು ಕೂತಿತು. ಇದು ಅಲಂಕಾರದ ಮಾತಲ್ಲ. ಭಾರತದ ಫೋನುಗಳಲ್ಲಿ ಜಾಗ ಏಕೆ ಬೇಗ ತುಂಬುತ್ತದೆಂದು ಹುಡುಕಿಕೊಂಡು ಹೊರಟ ಗೂಗಲ್ ಕಂಪನಿಯವರಿಗೆ ಮುಖ್ಯ ಕಾರಣಗಳಲ್ಲೊಂದಾಗಿ ಕಂಡದ್ದು ಗುಡ್ ಮಾರ್ನಿಂಗ್ ಚಿತ್ರಗಳು. 2017ರ ಡಿಸೆಂಬರಿನಲ್ಲಿ ಬಂದ ಅವರ ಫೈಲ್ಸ್ ಗೋ ಎಂಬ ಆ್ಯಪಿಗೆ ಆ ಚಿತ್ರಗಳನ್ನು ಗುರುತಿಸಿ ಒಟ್ಟಿಗೆ ಗುಡಿಸಿಹಾಕುವ ಕಲೆಯನ್ನೂ ಕಲಿಸಬೇಕಾಯಿತು. ಇಬ್ಬನಿ ಕೂತ ಗುಲಾಬಿ, ಹಬೆಯಾಡುವ ಕಾಫಿ ಲೋಟ, ಬೆಟ್ಟದ ಹಿಂದಿನ ಸೂರ್ಯ, ಮೂಲೆಯಲ್ಲಿ ಆ ವಾರದ ದೇವರು, ಕೆಳಗೆ ವಿವೇಕಾನಂದರೋ ಅಬ್ದುಲ್ ಕಲಾಮರೋ ಹೇಳಿದರೆನ್ನಲಾದ, ಅವರಿಗೇ ತೋರಿಸಿದ್ದರೆ ಬೆಚ್ಚಿಬೀಳುತ್ತಿದ್ದ ಒಂದು ನುಡಿಮುತ್ತು: ಇಷ್ಟು ಲಕ್ಷಣಗಳಿರುವ ಚಿತ್ರವನ್ನು ಯಂತ್ರ ಗುರುತಿಸುವುದು ಕಷ್ಟವೇನಲ್ಲ.

ವೇಳೆಯ ವಿಷಯದಲ್ಲಿ ಈ ಚಿತ್ರಗಳು ವಿಶೇಷ ನಿರ್ಲಕ್ಷ್ಯ ತೋರುತ್ತವೆ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದವರು ಇತರರೂ ಎದ್ದಿರುತ್ತಾರೆಂದು ತಿಳಿಯುವುದು ಸಹಜವಾದರೂ, ಮೈಸೂರಿನ ಬೆಳಗಿನ ಆರು ಗಂಟೆಯು ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ಸಂಜೆಯಾಗಿರುವುದರಿಂದ, ನಿನ್ನೆಯ ಕೆಲಸವೇ ಮುಗಿಯದ ಅಳಿಯನ ಕೈಗೆ ಇಂದಿನ ಶುಭೋದಯ ಬಂದು ಬೀಳುತ್ತದೆ. ಹಾಗಿದ್ದರೂ ಇಲ್ಲೊಂದು ವಿನಾಯಿತಿ ಕೊಡಲೇಬೇಕು. ಒಬ್ಬರೇ ಇರುವ ಹಿರಿಯರು ಬೆಳಗ್ಗೆ ಮಕ್ಕಳಿಗೂ ಒಡಹುಟ್ಟಿದವರಿಗೂ ಕಳುಹಿಸುವ ಗುಲಾಬಿಯು ಶುಭಾಶಯಕ್ಕಿಂತ ಹೆಚ್ಚಾಗಿ ಹಾಜರಿ. ಒಂದು ದಿನ ಅದು ಬಾರದಿದ್ದರೆ ಮಗಳು ಎಂಟು ಗಂಟೆಯೊಳಗೆ ಫೋನ್ ಮಾಡುತ್ತಾಳೆ. ಅಂತಹ ಗುಲಾಬಿಯ ಬಗ್ಗೆ ಶಾಸ್ತ್ರ ಮಾತಾಡದಿರುವುದು ಒಳ್ಳೆಯದು.

ಹಬ್ಬದ ಸಂದೇಶದ ಕಥೆ ಬೇರೆ. ಅದರಲ್ಲಿ ಅಪರಾಧ ನಡೆಯುವುದು ಕೆಳಗಿನ ಸಾಲಿನಲ್ಲಿ. ಸಂಕ್ರಾಂತಿಯ ಬೆಳಗ್ಗೆ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇರುವ ಸೊಗಸಾದ ಚಿತ್ರವೊಂದು ಆಪ್ತ ಸ್ನೇಹಿತರಿಂದ ಬರುತ್ತದೆ. ಬೆರಳಿನಿಂದ ಹಿಗ್ಗಿಸಿ ನೋಡಿದರೆ ತಳದಲ್ಲಿ ಸಣ್ಣ ಹಳದಿ ಅಕ್ಷರಗಳಲ್ಲಿ ‘ಶುಭ ಕೋರುವವರು’ ಎಂದಿದ್ದು, ಅದರ ಮುಂದೆ ಕಳುಹಿಸಿದವರೂ ಪಡೆದವರೂ ಕಂಡು ಕೇಳರಿಯದ, ಯಾವುದೋ ಊರಿನ ಹಾರ್ಡ್‌ವೇರ್ ಅಂಗಡಿಯ ಮಾಲೀಕರು ಮತ್ತು ಕುಟುಂಬ ವರ್ಗದವರ ಹೆಸರಿರುತ್ತದೆ. ಪ್ರತಿಯಾಗಿ ಇತ್ತಲಿಂದ ಹೋಗುವ ಚಿತ್ರವೂ ಮತ್ತೊಂದು ಗ್ರೂಪಿನಿಂದ ಎತ್ತಿದ್ದೇ ಆಗಿರುವುದರಿಂದ, ಸ್ನೇಹಿತರಿಬ್ಬರೂ ಸುಮ್ಮನೆ ಕೂತಿರುವಾಗ ಹಾರ್ಡ್‌ವೇರ್ ಅಂಗಡಿಯವರು ಒಬ್ಬ ಕಾರ್ಪೊರೇಟರ್ ಆಕಾಂಕ್ಷಿಯೊಂದಿಗೆ ಶುಭಾಶಯ ವಿನಿಮಯ ಮಾಡಿಕೊಂಡಂತಾಗುತ್ತದೆ. ಈ ವಿಭಾಗದಲ್ಲಿ ಪಾಲಿಸಬೇಕಾದ ಮರ್ಯಾದೆ ಒಂದೇ: ಚಿತ್ರ ಯಾರದ್ದಾದರೂ ಆಗಲಿ, ಅದರ ಮೇಲೆ ಪಡೆಯುವವರ ಹೆಸರನ್ನಾದರೂ ಕೈಯಾರೆ ಬರೆಯಬೇಕು. ಅಷ್ಟು ಪುರಸೊತ್ತಿಲ್ಲದವರು ಹಬ್ಬ ಮಾಡಿಕೊಂಡು ಸುಮ್ಮನಿರುವುದೂ ಶಾಸ್ತ್ರಸಮ್ಮತವೇ.

ಸಾಮೂಹಿಕ ಸಂದೇಶವು ನಿಜವಾಗಿ ಇಕ್ಕಟ್ಟಿಗೆ ಸಿಲುಕುವುದು ಮದುವೆಯ ಕರೆಯಲ್ಲಿ, ಏಕೆಂದರೆ ಕರ್ನಾಟಕದಲ್ಲಿ ಕರೆಯುವುದೆಂದರೆ ಸುದ್ದಿ ಮುಟ್ಟಿಸುವುದಲ್ಲ. ಬಿಸಿಲಿನಲ್ಲಿ ಮನೆಗೆ ಬಂದು, ಅರಿಶಿನ ಕುಂಕುಮ ಕೊಟ್ಟು, ಅಕ್ಷತೆಯೊಂದಿಗೆ ಲಗ್ನಪತ್ರಿಕೆ ನೀಡಿ, ಕಾಫಿ ಬೇಡವೆಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಕುಡಿದು ಹೋಗುವವರೆಗಿನ ಇಡೀ ಕಷ್ಟಕ್ಕೇ ಕರೆ ಎಂದು ಹೆಸರು. ಪತ್ರಿಕೆ ಆ ಕಷ್ಟಕ್ಕೆ ಸಿಕ್ಕುವ ರಸೀದಿ ಮಾತ್ರ. ದಾರಿಯಲ್ಲಿ ಸಿಕ್ಕಾಗ ಕಾರ್ಡು ಕೈಗಿಟ್ಟರೆಂಬ ಕಾರಣಕ್ಕೆ ಮದುವೆಗೆ ಹೋಗದೆ, ಆ ಮುನಿಸನ್ನು ಮುಂದಿನ ತಲೆಮಾರಿಗೆ ಆಸ್ತಿಯಂತೆ ವಹಿಸಿಕೊಟ್ಟ ಮನೆತನಗಳು ಎಲ್ಲ ಊರುಗಳಲ್ಲಿಯೂ ಇವೆ. ಇಂತಹ ಸಮಾಜದೊಳಕ್ಕೆ ಪಿಡಿಎಫ್ ಕಾಲಿಟ್ಟಿತು. ‘ಸಮಯದ ಅಭಾವದಿಂದ ಮನೆಗೆ ಬಂದು ಕರೆಯಲಾಗಲಿಲ್ಲ, ಇದನ್ನೇ ಖುದ್ದು ಕರೆಯೆಂದು ಭಾವಿಸಿ ಸಹಕುಟುಂಬ ಸಪರಿವಾರ ಬನ್ನಿ’ ಎಂಬ ಒಕ್ಕಣೆ ಅದರ ಜೊತೆಗೆ ಬರುತ್ತದೆ. ಭಾವಿಸುವ ಕೆಲಸವನ್ನೂ ಪಡೆಯುವವರಿಗೇ ವಹಿಸಿರುವುದು ಇಲ್ಲಿಯ ಚಮತ್ಕಾರ. ಮನೆಗೆ ಬಂದಂತೆ, ಕೂತಂತೆ, ಕಾಫಿ ಬೇಡವೆಂದಂತೆ ಎಲ್ಲವನ್ನೂ ಅವರೇ ಕಲ್ಪಿಸಿಕೊಳ್ಳಬೇಕು.

ಸಮಾಜ ಇದಕ್ಕೆ ತನ್ನದೇ ದರ್ಜೆಗಳನ್ನು ಕಟ್ಟಿಕೊಂಡಿದೆ. ಮನೆಗೆ ಬಂದು ಕರೆದವರಲ್ಲಿಗೆ ಧಾರೆಗೆ ಹೋಗಬೇಕು. ಫೋನ್ ಮಾಡಿ ಆಮೇಲೆ ಪತ್ರಿಕೆ ವಾಟ್ಸಾಪ್ ಮಾಡಿದವರಲ್ಲಿಗೆ ಆರತಕ್ಷತೆಗಾದರೂ ತಲೆ ತೋರಿಸಬೇಕು. ಪಟ್ಟಿಯಲ್ಲಿ ಒಬ್ಬರನ್ನಾಗಿಸಿ ಪಿಡಿಎಫ್ ಕಳುಹಿಸಿದವರಿಗೆ ಕೈಮುಗಿದ ಚಿಹ್ನೆ ಸಾಕು. ಗ್ರೂಪಿನಲ್ಲಿ ಹಾಕಿದರೆ ಹೆಬ್ಬೆರಳು. ಸ್ಟೇಟಸ್ಸಿನಲ್ಲಿ ಹಾಕಿದ್ದನ್ನು ನೋಡಿದ್ದೇ ಉಡುಗೊರೆ. ಕಷ್ಟವೆಲ್ಲ ಅಡುಗೆ ಕಂಟ್ರಾಕ್ಟರಿನದು. ಗ್ರೂಪಿನಲ್ಲಿ ಬಿದ್ದ ನೂರು ಹೆಬ್ಬೆರಳುಗಳಲ್ಲಿ ಎಷ್ಟು ಊಟದ ಎಲೆಯಾಗುತ್ತವೆ ಎಂಬ ಪ್ರಶ್ನೆಗೆ ಅವರಲ್ಲಿಯೂ ಉತ್ತರವಿಲ್ಲ, ಗಣಿತಶಾಸ್ತ್ರದಲ್ಲಿಯೂ ಇಲ್ಲ.

ಸಾವಿನ ಸುದ್ದಿಗೆ ಇದರ ತದ್ವಿರುದ್ಧ ನ್ಯಾಯ. ಮದುವೆಯಲ್ಲಿ ತಪ್ಪೆನಿಸುವ ಸಾಮೂಹಿಕ ಸಂದೇಶ ಇಲ್ಲಿ ಉಪಕಾರ. ದುಃಖದಲ್ಲಿರುವವರು ಒಬ್ಬೊಬ್ಬರಿಗೂ ಫೋನ್ ಮಾಡಿ ಅದೇ ಮಾತನ್ನು ಹೇಳಬೇಕೆಂದು ಯಾರೂ ಬಯಸಲಾರರು. ಎಡವಟ್ಟಾಗುವುದು ಉತ್ತರ ಕೊಡುವವರ ಕಡೆಯಿಂದ. ಹಳೆಯ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಬೆಳಗ್ಗೆ ಒಬ್ಬರ ಹುಟ್ಟುಹಬ್ಬ ನಡೆದಿರುವಾಗಲೇ ಮತ್ತೊಬ್ಬರ ತಂದೆ ತೀರಿಕೊಂಡ ಸುದ್ದಿ ಬಂದರೆ, ಮೇಲಿನಿಂದ ಓದಿಕೊಂಡು ಬಂದವರು ‘ನೂರು ವರ್ಷ ಬಾಳಿ’ ಎಂದು ಹಾರೈಸುವುದು, ಕೆಳಗಿನಿಂದ ಓದಿಕೊಂಡು ಹೋದವರು ‘ಓಂ ಶಾಂತಿ’ ಎನ್ನುವುದು, ಎರಡೂ ಒಂದಕ್ಕೊಂದು ಬೆರೆತು, ಹುಟ್ಟುಹಬ್ಬದವರು ಗಾಬರಿಯಾಗುವುದು ನಡೆದೇ ಇರುತ್ತದೆ. ಯಾರ ಮಾತಿಗೆ ಉತ್ತರವೋ ಆ ಮಾತನ್ನು ಬೆರಳಿನಿಂದ ಬದಿಗೆಳೆದು ಅದರ ಕೆಳಗೇ ಬರೆಯುವ ಸೌಲಭ್ಯ ಇರುವುದೇ ಇದಕ್ಕಾಗಿ. ಇನ್ನು ಗ್ರೂಪಿನ ಸೂತಕ ಎಷ್ಟು ಹೊತ್ತಿನದು ಎಂಬ ಪ್ರಶ್ನೆ ಉಳಿಯುತ್ತದೆ. ಧರ್ಮಶಾಸ್ತ್ರ ದಿನಗಳ ಲೆಕ್ಕ ಹೇಳುತ್ತದೆ. ರೂಢಿಯಲ್ಲಿ ಅದು ಮಧ್ಯಾಹ್ನದ ಊಟದವರೆಗೆ ಇದ್ದು, ಆಮೇಲೆ ಮೊದಲ ಹಾಸ್ಯದ ವಿಡಿಯೊ ಹಾಕುವವರು ಅದಕ್ಕೆ ಶುದ್ಧಿ ಮಾಡುತ್ತಾರೆ.

‘ಬಂದ ಹಾಗೆ ಕಳಿಸಿದ್ದೇನೆ’ ಎಂಬ ಷರಾ ಹೊತ್ತ ಸಂದೇಶಗಳು ಒಂದು ಪ್ರತ್ಯೇಕ ವರ್ಗ. ‘ಕೃಪೆ: ವಾಟ್ಸಾಪ್’ ಎಂಬುದು ಇದರ ಇನ್ನೊಂದು ರೂಪ, ಬರೆದವರ ಹೆಸರನ್ನು ಅಳಿಸಿದ ಮೇಲೆ ತೋರುವ ಕೃತಜ್ಞತೆಗೆ ಹಾಗೆನ್ನುತ್ತಾರೆ. ಇದೇ ಕೈಚಳಕ ತಿರುಗುಮುರುಗಾಗಿಯೂ ನಡೆಯುತ್ತದೆ: 1943ರಲ್ಲಿ ಪ್ರಕಟವಾದ ಡಿ.ವಿ.ಜಿ.ಯವರ ಕಗ್ಗದಲ್ಲಿ ಇರುವುದು 945 ಪದ್ಯ, ಆದರೆ ಯಾವುದೇ ನಾಲ್ಕು ಸಾಲಿನ ಕೊನೆಗೆ ಮಂಕುತಿಮ್ಮನನ್ನು ತಂದು ನಿಲ್ಲಿಸಿದರೆ ಫೋನಿನಲ್ಲಿ ಅದೂ ಕಗ್ಗವಾಗಿ ಓಡಾಡುತ್ತದೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿತೆಂಬ ಸುದ್ದಿ ಇಮೇಲಿನ ಕಾಲದಿಂದಲೂ ಸುತ್ತುತ್ತಿದೆ, ಯುನೆಸ್ಕೊ ಅಂತಹ ಘೋಷಣೆ ಮಾಡಿಯೇ ಇಲ್ಲ. ದೀಪಾವಳಿಯ ರಾತ್ರಿ ಆಕಾಶದಿಂದ ತೆಗೆದ ಭಾರತದ ಚಿತ್ರವೆಂದು ಪ್ರತಿವರ್ಷ ಬರುವುದು, ಊರುಗಳ ವಿದ್ಯುದ್ದೀಪಗಳು ವರ್ಷದಿಂದ ವರ್ಷಕ್ಕೆ ಹೇಗೆ ಹೆಚ್ಚಿದವೆಂದು ತೋರಿಸಲು ಹಲವು ವರ್ಷಗಳ ಉಪಗ್ರಹ ದತ್ತಾಂಶವನ್ನು ಬಣ್ಣಗಳಲ್ಲಿ ಜೋಡಿಸಿ ಮಾಡಿದ ನಕ್ಷೆ. ಅದರಲ್ಲಿ ಹಣತೆ ಒಂದೂ ಇಲ್ಲ.

ಇಲ್ಲಿಯವರೆಗಿನದು ನಗುವ ವಿಷಯ, ಮುಂದಿನದು ಅಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ಹೀಗೆಯೇ ಬಂದ ಹಾಗೆ ಹೋಗಿ ಹೋಗಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮತ್ತು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಿರಪರಾಧಿಗಳು ಗುಂಪಿನ ಕೈಗೆ ಸಿಕ್ಕಿ ಸತ್ತರು. ದೇಶದ ಇತರ ಕಡೆಗಳಲ್ಲಿಯೂ ಅದೇ ನಡೆಯಿತು. ಆ ಜುಲೈಯಲ್ಲಿ ವಾಟ್ಸಾಪ್ ಫಾರ್ವರ್ಡ್ ಆದ ಸಂದೇಶಕ್ಕೆ ಗುರುತು ಹಾಕತೊಡಗಿ, ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಎಂಬ ಮಿತಿ ತಂದಿತು; 2020ರ ಏಪ್ರಿಲಿನಲ್ಲಿ, ಬಹಳ ಸಲ ಕೈ ಬದಲಿಸಿ ಜೋಡಿ ಬಾಣದ ಗುರುತು ಪಡೆದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂದಾಯಿತು. ಜೋಡಿ ಬಾಣ ಕಂಡ ಮೇಲೂ ‘ಬಂದ ಹಾಗೆ’ ಎನ್ನುವವರ ಮಾತನ್ನು ಒಪ್ಪಲಾಗದು. ಕಳುಹಿಸಿದವರು ಅವರೇ.

ಕೇಳದೆ ಗ್ರೂಪಿಗೆ ಸೇರಿಸುವುದು ಅಸಭ್ಯವೆಂಬುದನ್ನು ಆ್ಯಪಿನವರು ಕೂಡ 2019ರಲ್ಲಿ ಒಪ್ಪಿಕೊಂಡು, ಯಾರು ಸೇರಿಸಬಹುದೆಂದು ಸದಸ್ಯರೇ ತೀರ್ಮಾನಿಸುವ ಸೆಟ್ಟಿಂಗ್ ಕೊಟ್ಟರು. ಹೊರಬೀಳುವುದು ಅದಕ್ಕಿಂತ ಕಷ್ಟವಾಗಿತ್ತು. ದೊಡ್ಡಪ್ಪನ ಗ್ರೂಪಿನಿಂದ ಒಬ್ಬರು ಹೊರಟರೆ ಎಲ್ಲರ ಪರದೆಯ ಮೇಲೂ ಡಂಗುರ ಹೊಡೆದಂತೆ ಸೂಚನೆ ಬಂದು, ಆಸ್ತಿಯ ವಿಷಯವೇ ಇರಬೇಕೆಂದು ಮಿಕ್ಕವರು ಊಹಿಸುತ್ತಿದ್ದರು. 2022ರಿಂದ ಆ ಸೂಚನೆ ಅಡ್ಮಿನ್ನಿಗೆ ಮಾತ್ರ ಹೋಗುತ್ತದೆ. ಆದರೆ ಮನೆತನದ ಗ್ರೂಪಿನಲ್ಲಿ ಅಡ್ಮಿನ್ ದೊಡ್ಡಪ್ಪನೇ ಆಗಿರುವುದರಿಂದ ಈ ಸುಧಾರಣೆಯಿಂದ ಆದ ಪ್ರಯೋಜನ ಅಷ್ಟಕ್ಕಷ್ಟೆ.

ಆದ್ದರಿಂದ ಮರ್ಯಾದಸ್ಥರು ಗ್ರೂಪನ್ನು ಬಿಡುವುದಿಲ್ಲ, ಮ್ಯೂಟ್ ಮಾಡುತ್ತಾರೆ. ಎಂಟು ಗಂಟೆ, ಒಂದು ವಾರ, ಒಂದು ವರ್ಷ ಎಂದಿದ್ದ ಆಯ್ಕೆಗಳಲ್ಲಿ ಕೊನೆಯದನ್ನು 2020ರ ಅಕ್ಟೋಬರಿನಲ್ಲಿ ‘ಯಾವಾಗಲೂ’ ಎಂದು ಬದಲಿಸಲಾಯಿತು. ಯಾರು ಮ್ಯೂಟ್ ಮಾಡಿದ್ದಾರೆಂಬುದು ಕಳುಹಿಸುವವರಿಗೆ ತಿಳಿಯುವ ಏರ್ಪಾಡು ಇಲ್ಲ. ಮಗಳ ಮದುವೆಗೆ ಬರಲೇಬೇಕಾದವರು ಯಾರಾದರೂ ಇದ್ದರೆ, ಪಿಡಿಎಫ್ ಹಾಕಿದ ಮೇಲೆ ದಯವಿಟ್ಟು ಅವರಿಗೆ ಒಂದು ಫೋನ್ ಮಾಡಿ.