ಎಲ್‌ಬೋರ್ಡಣ್ಣ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಮತ್ತು ಈಚೆಗೆ ಕೃಷ್ಣರಾಜನಗರದಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾದ ಸಾಲಿಗ್ರಾಮದ ಸೀಮೆಯಲ್ಲಿ ಟ್ರ್ಯಾಕ್ಟರಿನ ಸೀಟಿನ ಮೇಲೆ ಕಂಡುಬರುವ ಮನುಷ್ಯರನ್ನು ಹಲವು ವರ್ಗಗಳಾಗಿ ವಿಂಗಡಿಸಬಹುದಾದರೂ, ಅವರಲ್ಲಿ ಗಂಭೀರ ಅಧ್ಯಯನಕ್ಕೆ ಯೋಗ್ಯನಾದವನು ನಲವತ್ತೈದರ ಪ್ರಾಯದಲ್ಲಿ ಚಾಲನಾ ಪರೀಕ್ಷೆಗೆ ತಯಾರಾಗುವವನು. ಊರಿನ ಬಾಯಲ್ಲಿ ಇವನ ಹೆಸರು ಎಲ್‌ಬೋರ್ಡಣ್ಣ. ಹನ್ನೆರಡಕ್ಕೆ ಮಡ್‌ಗಾರ್ಡಿನ ಮೇಲೆ ಕೂರಲು ಕಲಿತು, ಹದಿನಾಲ್ಕಕ್ಕೆ ಕ್ಲಚ್ಚಿಗೆ ಕಾಲು ಎಟುಕಿಸಿಕೊಂಡು, ಆಮೇಲಿನ ಮೂರು ದಶಕಗಳಲ್ಲಿ ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆಗೆ ಕಬ್ಬನ್ನೂ, ಹುಣಸೂರು ಕಡೆಯ ಬ್ಯಾರನ್ನುಗಳಿಗೆ, ಅಂದರೆ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಹದ ಮಾಡುವ ಎತ್ತರದ ಕಟ್ಟಡಗಳಿಗೆ, ಸೌದೆಯನ್ನೂ, ಬೀಗರೂಟಕ್ಕೆ ಬೀಗರನ್ನೂ ಸಾಗಿಸಿರುವ ಇವನಿಗೆ ವಾಹನ ಚಾಲನೆ ತಿಳಿದಿದೆ ಎಂಬುದಕ್ಕೆ ಸರ್ಕಾರದ ಬಳಿ ಮಾತ್ರ ಯಾವ ದಾಖಲೆಯೂ ಇಲ್ಲ.

ಇಂಥವನಿಗೆ ಇದ್ದಕ್ಕಿದ್ದಂತೆ ಲೈಸೆನ್ಸಿನ ಮೇಲೆ ಭಕ್ತಿ ಹುಟ್ಟುವುದಕ್ಕೆ ಕಾರಣಗಳು ಎರಡು. ಮೊದಲನೆಯದು ದಂಡ. 1988ರ ಮೋಟಾರು ವಾಹನ ಕಾಯ್ದೆಯ 181ನೆಯ ಪ್ರಕರಣವು ಲೈಸೆನ್ಸ್ ಇಲ್ಲದೆ ಓಡಿಸುವವನಿಗೆ 500 ರೂಪಾಯಿಯವರೆಗೆ ಎಂದು ಇಟ್ಟಿದ್ದ ದಂಡವನ್ನು 2019ರ ತಿದ್ದುಪಡಿ 5000ಕ್ಕೆ ಏರಿಸಿತು. ಎರಡನೆಯದು ಇದಕ್ಕಿಂತ ಆಳವಾದದ್ದು: ಅಪಘಾತವಾದಾಗ ಚಾಲಕನ ಬಳಿ ಲೈಸೆನ್ಸ್ ಇರಲಿಲ್ಲ ಎಂದು ತಿಳಿದರೆ ವಿಮೆಯವರು ಪರಿಹಾರದ ಹೊರೆಯನ್ನು ಮಾಲೀಕನ ತಲೆಗೆ ಕಟ್ಟುತ್ತಾರೆಂಬ ವಿಷಯ ಸಾಲಿಗ್ರಾಮದ ಟೀ ಅಂಗಡಿಗಳಲ್ಲಿ ಆಗಾಗ ಚರ್ಚೆಗೆ ಬರುತ್ತಿದ್ದು, ಅಲ್ಲಿ ಕಾನೂನು ಪಂಡಿತರಿಗೆ ಯಾವ ಕಾಲಕ್ಕೂ ಬರವಿಲ್ಲ. ಟ್ರ್ಯಾಕ್ಟರಿನ ಲೈಸೆನ್ಸ್ ಇದ್ದರೂ ಹಿಂದೆ ಟ್ರೇಲರ್ ಕಟ್ಟಿದ ಕೂಡಲೇ ಅದು ಸರಕು ಸಾಗಿಸುವ ಬೇರೆಯೇ ವಾಹನವಾಗಿಬಿಡುತ್ತದೆ, ಆದ್ದರಿಂದ ಆ ಲೈಸೆನ್ಸ್ ಸಲ್ಲದು ಎಂಬ ವಾದವೂ ಒಂದು ಕಾಲದಲ್ಲಿ ನಡೆದಿತ್ತು. ಕರ್ನಾಟಕದಿಂದಲೇ ಹೋದ ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಈ ವಾದವನ್ನು ತಳ್ಳಿಹಾಕಿ, ಟ್ರ್ಯಾಕ್ಟರಿಗೆ ಲೈಸೆನ್ಸ್ ಇರುವವನು ಟ್ರೇಲರ್ ಕಟ್ಟಿ ಸಾಮಾನು ಹೇರಿದ ಮಾತ್ರಕ್ಕೆ ಲೈಸೆನ್ಸ್ ಇಲ್ಲದವನಾಗುವುದಿಲ್ಲ ಎಂದು ತೀರ್ಮಾನಿಸಿತು. ಈ ತೀರ್ಪಿನ ಸಾರ ಎಲ್‌ಬೋರ್ಡಣ್ಣನಿಗೆ ಗೊತ್ತಿದೆ. ಅದರಿಂದ ತನಗೇನೂ ಲಾಭವಿಲ್ಲ, ಏಕೆಂದರೆ ಟ್ರ್ಯಾಕ್ಟರಿನ ಲೈಸೆನ್ಸೇ ತನ್ನಲ್ಲಿಲ್ಲ ಎಂಬುದು ಗೊತ್ತಾಗಲು ಮಾತ್ರ ಸ್ವಲ್ಪ ಕಾಲ ಹಿಡಿಯಿತು.

ಕಾಯ್ದೆಯ ವ್ಯಾಖ್ಯೆಗಳು ಇವನನ್ನು ಕೆಡಿಸುವಷ್ಟು ಬೇರೆ ಯಾವುದೂ ಕೆಡಿಸುವುದಿಲ್ಲ. ತಾನಾಗಿ ಯಾವ ಸಾಮಾನನ್ನೂ ಹೊರುವುದಕ್ಕಾಗಿ ಕಟ್ಟಿರದ ಮೋಟಾರು ವಾಹನವೇ ಟ್ರ್ಯಾಕ್ಟರ್ ಎಂದೂ, ಮೋಟಾರು ವಾಹನದಿಂದ ಎಳೆಸಿಕೊಳ್ಳುವುದು ಟ್ರೇಲರ್ ಎಂದೂ ಅದು ಹೇಳುತ್ತದೆ, ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಅದೇ ಕಾಯ್ದೆ ‘ಮೋಟಾರು ವಾಹನ’ ಎಂಬ ಮಾತಿನ ಅರ್ಥದೊಳಗೆ ಟ್ರೇಲರನ್ನೂ ಸೇರಿಸಿರುವುದರಿಂದ, ಇಂಜಿನ್ನೂ ಇಲ್ಲದ, ಸ್ಟೇರಿಂಗೂ ಇಲ್ಲದ, ಕೊಟ್ಟಿಗೆಯ ಪಕ್ಕದಲ್ಲಿ ಮೂತಿ ನೆಲಕ್ಕೂರಿ ನಿಂತ, ಕೋಳಿಗಳು ಮೊಟ್ಟೆಯಿಡುವ ತಬರದ ಪೆಟ್ಟಿಗೆಯೂ ಶಾಸ್ತ್ರದ ಪ್ರಕಾರ ಮೋಟಾರು ವಾಹನವೇ ಆಗಿದ್ದು, ಅದಕ್ಕೆ ಪ್ರತ್ಯೇಕ ನೋಂದಣಿಯೂ ಪ್ರತ್ಯೇಕ ನಂಬರೂ ಬೇಕು. ಇಷ್ಟು ಗೌರವ ಪಡೆದ ವಸ್ತುವನ್ನು ಎಳೆಯುವುದಕ್ಕೆ ಪ್ರತ್ಯೇಕ ಪರೀಕ್ಷೆಯೂ ಇರಲೇಬೇಕೆಂದು ಇವನು ತರ್ಕಿಸುತ್ತಾನೆ. ಲೈಸೆನ್ಸಿನ ಬಗೆಗಳನ್ನು ಹೇಳುವ 10ನೆಯ ಪ್ರಕರಣದಲ್ಲಿ ಟ್ರೇಲರಿನ ಹೆಸರೇ ಇಲ್ಲವೆಂದು ಯಾರು ತಿಳಿಸಿದರೂ ಈ ತರ್ಕ ಅಲುಗುವುದಿಲ್ಲ.

ಎಲ್‌ಎಲ್‌ಆರ್, ಅಂದರೆ ಕಲಿಯುವವನ ಲೈಸೆನ್ಸ್, ಕೈಗೆ ಬಂದ ಮೇಲೆ ಕನಿಷ್ಠ 30 ದಿನ ಕಳೆಯದೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ. ಅದರ ಆಯುಷ್ಯ 6 ತಿಂಗಳು. ಈ ಅವಧಿಯಲ್ಲಿ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರವನ್ನು ಗಾಡಿಯ ಹಿಂದೆ ಮುಂದೆ ತೂಗುಹಾಕಬೇಕು, ಮತ್ತು ಲೈಸೆನ್ಸ್ ಪಡೆದ ಒಬ್ಬ ಶಿಕ್ಷಕ ಗಾಡಿಯನ್ನು ನಿಲ್ಲಿಸಲು ಸಾಧ್ಯವಾಗುವ ಜಾಗದಲ್ಲಿ ಜೊತೆಗೆ ಕುಳಿತಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಸೀಟು. ಅದೇ ವರ್ಷದ ರಸ್ತೆ ನಿಯಮಾವಳಿಯಾದರೋ ಟ್ರ್ಯಾಕ್ಟರಿನ ಮೇಲೆ ಚಾಲಕ ಬೇರೆ ಯಾರನ್ನೂ ಕೂರಿಸಿಕೊಳ್ಳಬಾರದು ಎಂದಿತ್ತು. ಈ ಎರಡು ಶಾಸನಗಳ ನಡುವೆ ಉಳಿದ ಏಕೈಕ ಸ್ಥಳವಾದ ಮಡ್‌ಗಾರ್ಡಿನ ಮೇಲೆ ಶಿಕ್ಷಕನು ಆಸೀನನಾಗುತ್ತಾನೆ. ಆ ಶಿಕ್ಷಕ ಯಾರೆಂದರೆ ಇವನ ಅಕ್ಕನ ಮಗ. ನಾಲ್ಕು ವರ್ಷದ ಹಿಂದೆ ಇದೇ ಮಡ್‌ಗಾರ್ಡಿನ ಮೇಲೆ ಕುಳಿತು, ಇದೇ ಮಾವನಿಂದ ತಲೆಯ ಮೇಲೆ ಮೊಟಕಿಸಿಕೊಂಡು ಗೇರು ಹಾಕಲು ಕಲಿತು, ಹದಿನೆಂಟು ತುಂಬಿದ ಕೂಡಲೇ ಲೈಸೆನ್ಸ್ ಮಾಡಿಸಿಕೊಂಡವನು. ಗುರುಶಿಷ್ಯ ಸಂಬಂಧ ಹೀಗೆ ತಲೆಕೆಳಗಾದರೂ ಮೊಟಕುವ ಹಕ್ಕು ಮಾತ್ರ ಮೊದಲಿನವನಲ್ಲೇ ಉಳಿದಿದೆ.

ಎಲ್‌ಎಲ್‌ಆರ್ ಸಿಗುವ ಮೊದಲು ಕಂಪ್ಯೂಟರಿನ ಮುಂದೆ ಕುಳಿತು ನೂರಕ್ಕೆ ಕನಿಷ್ಠ 60ರಷ್ಟು ಪ್ರಶ್ನೆಗಳಿಗೆ ಸರಿಯುತ್ತರ ಒತ್ತಬೇಕಾಗಿದ್ದು, ಇದಕ್ಕಾಗಿ ಅಳಿಯನು ರಾತ್ರಿ ಊಟವಾದ ಮೇಲೆ ಮೊಬೈಲಿನಿಂದ ಪ್ರಶ್ನೆ ಓದುತ್ತಿದ್ದನು. ಕಿರಿದಾದ ಸೇತುವೆಯನ್ನು ಸಮೀಪಿಸಿದಾಗ ಎದುರಿನಿಂದ ಇನ್ನೊಂದು ವಾಹನ ಸೇತುವೆಗೆ ಇಳಿಯುತ್ತಿದ್ದರೆ ಏನು ಮಾಡಬೇಕು ಎಂಬುದು ಆ ಪ್ರಶ್ನೆಗಳಲ್ಲಿ ಪ್ರಸಿದ್ಧವಾದದ್ದು. ಆ ವಾಹನ ದಾಟುವವರೆಗೆ ಕಾಯಬೇಕು ಎಂಬುದು ಉತ್ತರ. “ಎದುರಿಗೆ ಬರೋನು ಯಾರು ಅಂತ ಹೇಳಿಲ್ಲವಲ್ಲೋ ಅಳಿಯ. ಬೈಕಾದ್ರೆ ಅವನೇ ನಿಂತ್ಕೋತಾನೆ, ಬಸ್ಸಾದ್ರೆ ನಾವು ನಿಂತ್ಕೋಬೇಕು, ಕಬ್ಬಿನ ಲೋಡಾದ್ರೆ ಇಬ್ರೂ ಇಳಿದು ಬೀಡಿ ಹಚ್ಕೋಬೇಕು” ಎಂಬ ವಿವರವಾದ ಉತ್ತರವನ್ನು ಇವನು ಕೊಡುತ್ತಾನೆ, ನಾಲೆಯ ಕಿರುಸೇತುವೆಗಳ ವಾಸ್ತವಕ್ಕೆ ಇದೇ ಹೆಚ್ಚು ಹತ್ತಿರವೆಂದು ಒಪ್ಪಬೇಕು. “ಮಾವ, ಕಂಪ್ಯೂಟರ್‌ನಾಗೆ ಬೀಡಿ ಆಪ್ಷನ್ ಇಲ್ಲ” ಎಂದು ಅಳಿಯ ಮುಂದಿನ ಪ್ರಶ್ನೆಗೆ ಹೋಗುತ್ತಾನೆ.

ಕೈಸನ್ನೆಗಳ ಅಭ್ಯಾಸವು ಊರಿಗೆ ಕೊಟ್ಟಷ್ಟು ತೊಂದರೆಯನ್ನು ಚಾಲಕನಿಗೆ ಕೊಡಲಿಲ್ಲ. ಬಲಗೈಯನ್ನು ನೇರ ಚಾಚಿದರೆ ಬಲಕ್ಕೆ ತಿರುಗುವುದೆಂದೂ, ಚಾಚಿದ ಕೈಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿಸಿದರೆ ಎಡಕ್ಕೆಂದೂ, ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನವಾಗುವುದೆಂದೂ, ಹಿಂದಿನಿಂದ ಮುಂದಕ್ಕೆ ಅರ್ಧವೃತ್ತದಲ್ಲಿ ಬೀಸಿದರೆ ಹಿಂದಿನವನು ಮುಂದೆ ಹೋಗಬಹುದೆಂದೂ ಸಂಕೇತ. ಭೇರ್ಯದ ರಸ್ತೆಯಲ್ಲಿ ಬಸ್ಸಿಗೆ ಕಾದು ನಿಂತವರು ಈ ಸಂಕೇತಶಾಸ್ತ್ರವನ್ನು ಬೇರೆ ರೀತಿ ಓದಿಕೊಂಡರು: ನಿಧಾನವಾಗುವ ಸನ್ನೆ ಅವರಿಗೆ ‘ನಿಲ್ಲಿಸುತ್ತೇನೆ, ಇರಿ’ ಎಂದೂ, ಅರ್ಧವೃತ್ತದ ಸನ್ನೆ ‘ಬನ್ನಿ, ಹತ್ತಿ’ ಎಂದೂ ಕಂಡು, ಒಂದು ಸಂಜೆಯ ಅಭ್ಯಾಸ ಮುಗಿಯುವ ಹೊತ್ತಿಗೆ ಟ್ರೇಲರಿನಲ್ಲಿ ಹಾಲಿನ ಕ್ಯಾನು, ಎರಡು ಕುರಿ ಮತ್ತು ಮಿರ್ಲೆಗೆ ಹೋಗಬೇಕಾದ ಒಂದು ಸಂಸಾರ ಸೇರಿತ್ತು. “ಕೈ ಮಾಡಿ ಕರ್ದು ಈಗ ಇಳೀರಿ ಅಂದ್ರೆ ಹೆಂಗಣ್ಣೋ?” ಎಂಬ ಆ ಗೃಹಿಣಿಯ ಪ್ರಶ್ನೆಗೆ ರಸ್ತೆ ನಿಯಮಾವಳಿಯಲ್ಲಿ ಉತ್ತರ ದೊರೆಯಲಿಲ್ಲ.

ಆದರೆ ಇವನ ತಯಾರಿಯ ತಿರುಳು ಇರುವುದು ರಿವರ್ಸಿನಲ್ಲಿ. ಒಂಟಿ ಅಚ್ಚಿನ, ಅಂದರೆ ಎರಡೇ ಚಕ್ರದ ಟ್ರೇಲರ್ ಟ್ರ್ಯಾಕ್ಟರಿಗೆ ಒಂದು ಪಿನ್ನಿನ ಮೂಲಕ ಅಂಟಿಕೊಂಡಿರುವುದರಿಂದ ಹಿಂದಕ್ಕೆ ಹೋಗುವಾಗ ಆ ಪಿನ್ನೇ ಕೀಲಾಗುತ್ತದೆ: ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರ್ಯಾಕ್ಟರಿನ ಹಿಂಭಾಗ ಬಲಕ್ಕೆ ಸರಿದು ಟ್ರೇಲರಿನ ಮೂತಿಯನ್ನು ಬಲಕ್ಕೆ ತಳ್ಳುತ್ತದೆ, ಆಗ ಅದರ ಬಾಲ ಎಡಕ್ಕೆ ಹೊರಳುತ್ತದೆ. ಆದ್ದರಿಂದ ಬಲಕ್ಕೆ ಹೋಗಬೇಕಾದವನು ಮೊದಲು ಎಡಕ್ಕೆ ತಿರುಗಿಸಿ, ಟ್ರೇಲರ್ ಹೊರಳಲು ಆರಂಭಿಸಿದ ಕ್ಷಣದಲ್ಲೇ ಸ್ಟೇರಿಂಗನ್ನು ಹಿಂದಕ್ಕೆ ಬಿಟ್ಟುಕೊಟ್ಟು, ಅದರ ಬೆನ್ನು ಹಿಡಿದು ಹೋಗಬೇಕು. ತಡ ಮಾಡಿದರೆ ಎರಡೂ ಮಡಚಿಕೊಂಡು ಎಳೆಗಂಬಿ ದೊಡ್ಡ ಗಾಲಿಗೆ ಒರಗುತ್ತದೆ. ಗಿಡ್ಡ ಟ್ರೇಲರಿಗಿಂತ ಉದ್ದನೆಯದೇ ಸುಲಭ, ಏಕೆಂದರೆ ಉದ್ದನೆಯದು ನಿಧಾನವಾಗಿ ಹೊರಳಿ ಚಾಲಕನಿಗೆ ತಪ್ಪು ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ನಾಲ್ಕು ಚಕ್ರದ ಟ್ರೇಲರಿನಲ್ಲಿ ಮುಂದಿನ ಅಚ್ಚೂ ತಿರುಗುವುದರಿಂದ ಕೀಲುಗಳು ಎರಡಾಗಿ, ಉಲ್ಟಾದ ಉಲ್ಟಾವನ್ನು ಲೆಕ್ಕ ಹಾಕಬೇಕಾಗುತ್ತದೆ. ಇದನ್ನೆಲ್ಲ ವಾಕ್ಯಗಳಲ್ಲಿ ಹೇಳಲು ಎಲ್‌ಬೋರ್ಡಣ್ಣನಿಗೆ ಬಾರದು. “ಅದು ಎತ್ಲಾಗೆ ಹೋಗ್ಬೇಕೋ ಅತ್ಲಾಗೆ ನೀನು ಹೋಗ್ಬ್ಯಾಡ” ಎಂಬುದು ಅವನ ಸೂತ್ರ. ಆದರೂ ನಾಲೆಯ ಏರಿಯ ಮೇಲೆ, ಒಂದು ಕಡೆ ನೀರು ಇನ್ನೊಂದು ಕಡೆ ಗದ್ದೆ ಇರುವಲ್ಲಿ, ಭತ್ತದ ಚೀಲ ತುಂಬಿದ ಟ್ರೇಲರನ್ನು ಕತ್ತು ಹಿಂದೆ ತಿರುಗಿಸಿ ಒಂದೇ ಕೈಯಲ್ಲಿ ಹಿಂದಕ್ಕೆ ನಡೆಸುವ ಈ ಮನುಷ್ಯನನ್ನು ಕಂಡವರು ಲೈಸೆನ್ಸ್ ಕೊಡುವ ಅಧಿಕಾರ ಯಾರಿಗಿರಬೇಕೆಂಬ ಬಗ್ಗೆ ಮರುಚಿಂತನೆ ಮಾಡುವಂತಾಗುತ್ತದೆ. ಬ್ರಿಟನ್ನಿನಲ್ಲಿ 1997ರ ಜನವರಿಯಿಂದ ಈಚೆಗೆ ಕಾರಿನ ಲೈಸೆನ್ಸ್ ಪಡೆದವರು ಭಾರಿ ಟ್ರೇಲರ್ ಎಳೆಯಬೇಕಾದರೆ ಪ್ರತ್ಯೇಕ ಪರೀಕ್ಷೆ ಕಟ್ಟಬೇಕಾಗಿತ್ತು. ಟ್ರೇಲರನ್ನು ಬಾಗುದಾರಿಯಲ್ಲಿ ಹಿಂದಕ್ಕೆ ನಡೆಸಿ ಗುರುತಿಸಿದ ಜಾಗದೊಳಗೆ ನಿಲ್ಲಿಸುವುದು ಅದರ ಮುಖ್ಯ ಅಂಗವಾಗಿತ್ತು. ಎಲ್‌ಬೋರ್ಡಣ್ಣನಿಗೆ ತಕ್ಕುದಾದ ಆ ಒಂದೇ ಪರೀಕ್ಷೆಯನ್ನು ಅಲ್ಲಿನ ಸರ್ಕಾರ 2021ರ ಡಿಸೆಂಬರಿನಲ್ಲಿ ರದ್ದು ಮಾಡಿತು.

ಪರೀಕ್ಷೆಯ ದಿನ ಹುಣಸೂರಿನ ಆರ್‌ಟಿಒ ಕಚೇರಿಗೆ, ಕೆಎ-45ರ ಆ ಆವರಣಕ್ಕೆ, ಇವನು ಬಂದದ್ದು ಟ್ರೇಲರ್ ಸಮೇತನಾಗಿ. ಹಿಂದಿನ ಸಂಜೆಯೇ ಅದನ್ನು ತೊಳೆದು, ಕೋಳಿಗಳನ್ನು ಎಬ್ಬಿಸಿ, ಹಿಂಬಾಗಿಲಿಗೆ ಹೊಸ ರೇಡಿಯಂ ಸ್ಟಿಕ್ಕರು ಅಂಟಿಸಿ, ಗದ್ದೆಯಲ್ಲಿ ಬೇರೆ ಬೇರೆಯಾಗಿ ತುಳಿಯುವ ಎಡಬಲದ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಯಲ್ಲಿ ಜೋಡಿಸಿ ಬಂಧಿಸುವ ಕೊಂಡಿಯನ್ನು ಹಾಕಲಾಗಿತ್ತು. ಬಹುಶಃ ಆ ಟ್ರ್ಯಾಕ್ಟರಿನ ಜನ್ಮದಲ್ಲೇ ಆ ಕೊಂಡಿ ಬಿದ್ದದ್ದು ಅದೇ ಮೊದಲು. ಬ್ರೇಕ್ ಇನ್ಸ್‌ಪೆಕ್ಟರ್ ಎಂದು ಜನ ಕರೆಯುವ ಮೋಟಾರು ವಾಹನ ನಿರೀಕ್ಷಕರು ಟ್ರೇಲರನ್ನು ನೋಡಿ, ಅದನ್ನು ಬಿಚ್ಚಿ ಆ ಬೇವಿನ ಮರದ ಕೆಳಗೆ ನಿಲ್ಲಿಸಿ ಬರುವಂತೆ ಹೇಳಿದರು. ಬರಿಯ ಟ್ರ್ಯಾಕ್ಟರನ್ನು ಮುಂದೆ ಓಡಿಸಿ, ಹಿಂದೆ ತಂದು, ಕೈಸನ್ನೆ ತೋರಿಸಿದ್ದಾಯಿತು, ಪರೀಕ್ಷೆ ಮುಗಿಯಿತು. ಆದರೆ ಟ್ರೇಲರನ್ನು ಬೇವಿನ ಮರದ ಕೆಳಗೆ, ಒಂದು ಕಾರಿಗೂ ಒಂದು ಗೂಡ್ಸ್ ಆಟೋಗೂ ನಡುವಿನ ಸಂದಿಗೆ, ಒಂದೇ ಏಟಿಗೆ ರಿವರ್ಸಿನಲ್ಲಿ ತೂರಿಸಿದ್ದನ್ನು ನೋಡಿದವರು ಅರ್ಜಿ ಬರೆದುಕೊಡುವ ಏಜೆಂಟನೊಬ್ಬ ಮತ್ತು ಎಳನೀರಿನವನು ಮಾತ್ರ. ಅವರಿಗೆ ಅಂಕ ಹಾಕುವ ಅಧಿಕಾರವಿರಲಿಲ್ಲ.

ಮೂವತ್ತರಿಂದ ಐವತ್ತರ ನಡುವಿನ ವಯಸ್ಸಿನವನಿಗೆ ಸಲ್ಲುವಂತೆ ಹತ್ತು ವರ್ಷದ ಲೈಸೆನ್ಸ್ ಅಂಚೆಯಲ್ಲಿ ಬಂತು. ಇಷ್ಟು ಕಷ್ಟಪಟ್ಟು ಗಳಿಸಿದ ಕಾರ್ಡು ಎಣ್ಣೆ, ಮಣ್ಣು, ಬೆವರಿಗೆ ಸಿಕ್ಕಿ ಹಾಳಾಗಬಾರದೆಂದು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೀರುವಿನಲ್ಲಿ ಹೆಂಡತಿಯ ಧಾರೆಸೀರೆಯ ಕೆಳಗೆ ಇಡಲಾಗಿದೆ. ಪೊಲೀಸರು ಕೇಳಿದಾಗ ಲೈಸೆನ್ಸ್ ತೋರಿಸಬೇಕೆಂದು ಕಾಯ್ದೆಯ 130ನೆಯ ಪ್ರಕರಣ ಹೇಳುತ್ತದೆಯಾದರೂ, ಡಿಜಿಲಾಕರ್ ಎಂಬ ಸರ್ಕಾರಿ ಆ್ಯಪಿನಲ್ಲಿರುವ ಪ್ರತಿಯೂ ನಡೆಯುವುದರಿಂದ ಅಳಿಯನು ಅದಕ್ಕೂ ವ್ಯವಸ್ಥೆ ಮಾಡಿದ್ದಾನೆ. ಭೇರ್ಯದ ಬಳಿ ಗಾಡಿ ತಡೆದು ಲೈಸೆನ್ಸ್ ಎಲ್ಲಿ ಎಂದು ಕೇಳಿದ ಪೊಲೀಸಿನವರಿಗೆ ಎಲ್‌ಬೋರ್ಡಣ್ಣ ಮೊದಲು ನಿಲ್ಲುವ ಕೈಸನ್ನೆಯನ್ನು ಲೋಪವಿಲ್ಲದೆ ತೋರಿಸಿ, ಆಮೇಲೆ ವಿನಯದಿಂದ ಉತ್ತರಿಸಿದನು: “ನಮ್ ಅಳಿಯನ ಫೋನ್‌ನಾಗೆ ಅದೆ ಸಾ. ಅವ್ನು ಮೈಸೂರ್ಗೆ ಹೋಗವ್ನೆ.”