ಐದು ಮಿನಿಟ್ ತಡ್ರಿ, ಕಾಕಾ

ಊರಿಗೊಬ್ಬ ಹಾವು ಹಿಡಿಯುವವ, ಓಣಿಗೊಬ್ಬ ಪಂಚಾಯ್ತಿ ಮಾಡುವವ ಇದ್ದಂತೆ ಈಗ ಮನೆತನಕ್ಕೊಬ್ಬ ಲಿನಕ್ಸ್ ಹುಡುಗ ಇರುತ್ತಾನೆ. ಆಡಕಿಯ ನಮ್ಮ ಮನೆಯಲ್ಲಿ ಆ ಪಟ್ಟ ಅಣ್ಣನ ಮಗನದು. ಕಲಬುರಗಿಗೆ ಇಂಜಿನಿಯರಿಂಗ್ ಓದಲು ಹೋದವ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡು ಬಂದ. ಮುಖದಲ್ಲಿ ದೀಕ್ಷೆ ಪಡೆದು ಬಂದವರ ಕಳೆ.

ಇಂಥವರನ್ನು ಗುರುತಿಸುವುದು ಸುಲಭ. ಮೌಸ್ ಮುಟ್ಟುವುದಿಲ್ಲ. ಕರಿ ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟುತ್ತಿರುತ್ತಾರೆ. ಹಿಂದೆ ಯಾರಾದರೂ ಬಂದು ನಿಂತರೆ ಇನ್ನಷ್ಟು ಜೋರಾಗಿ ಕುಟ್ಟುತ್ತಾರೆ. ಪೆನ್‌ಡ್ರೈವ್ ಕೇಳಿದರಂತೂ, ಬಾವಿ ಇದ್ದವರ ಮನೆಗೆ ಬಂದು ಬಾಟಲಿ ನೀರು ಕೇಳಿದಿರೇನೋ ಎಂಬಂತೆ ನೋಡುತ್ತಾರೆ.

ಮಗಳ ಲಗ್ನಪತ್ರಿಕೆಯ ಕರಡನ್ನು ನಾನು ಕೆಳಗಿನ ವಿಂಡೋಸ್ ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶ ಬಳಸಿ ಟೈಪ್ ಮಾಡಿದ್ದೆ. ಪ್ರಿಂಟರ್ ಇದ್ದದ್ದು ಮಾಳಿಗೆ ಮೇಲೆ, ಅವನ ಖೋಲಿಯಲ್ಲಿ. ನಡುವೆ 12 ಮೆಟ್ಟಿಲು. ಪೆನ್‌ಡ್ರೈವ್ ನನ್ನ ಕಿಸೆಯಲ್ಲೇ ಇತ್ತು.

"ಅದ್ಯಾಕ ಬೇಕು ಕಾಕಾ? ಎರಡೂ ಕಂಪ್ಯೂಟರ್ ಒಂದಕ್ಕೊಂದು ಮಾತಾಡೋಹಂಗ ಮಾಡ್ತೀನಿ. ಐದು ಮಿನಿಟ್ ತಡ್ರಿ."

ತಡೆದೆ.

ಮೊದಲ ದಿನ ಗೋಡೆಯ ಜೊತೆ ಕುಸ್ತಿ. ಶಹಾಬಾದ್ ಕಲ್ಲಿನ ದಪ್ಪ ಗೋಡೆ ನಮ್ಮದು. ಬೇಸಿಗೆಯ ಝಳವನ್ನೇ ಒಳಗೆ ಬಿಡದ್ದು ವೈಫೈಯನ್ನು ಬಿಟ್ಟೀತೆ? ಕಿಟಕಿಯಿಂದ ಕಿಟಕಿಗೆ ಕೇಬಲ್ ಎಳೆದ. ಸಂಜೆಗೆ ಅತ್ತಿಗೆ ಅದರ ಮೇಲೆ ಟವೆಲ್ ಒಣಹಾಕಿದ್ದಳು.

ಎರಡನೇ ದಿನ ಪಾಠ. ವಿಂಡೋಸ್ ಕಂಪ್ಯೂಟರುಗಳು ಕಡತ ಹಂಚಿಕೊಳ್ಳುವ ಭಾಷೆಯ ಹೆಸರು ಎಸ್‌ಎಂಬಿ. ಲಿನಕ್ಸಿಗೆ ಆ ಭಾಷೆ ಆಡಲು ಬರುವುದು ಸಾಂಬಾ ಎಂಬ ತಂತ್ರಾಂಶದಿಂದ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್ 1991ರ ಕೊನೆಗೆ ಅದರ ಕೆಲಸ ಶುರುಮಾಡಿದ. ಮುಂದೆ ಎಸ್, ಎಂ, ಬಿ ಮೂರೂ ಅಕ್ಷರ ಇರುವ ಪದಗಳನ್ನು ಹುಡುಕಿ ಈ ಹೆಸರಿಟ್ಟ. ಇಷ್ಟು ಹೇಳುವಾಗ ಬಾಗಿಲಲ್ಲಿ ಕೂತಿದ್ದ ಆಯಿಗೆ ಕೇಳಿಸಿದ್ದು "ಸಾಂಬಾ" ಒಂದೇ. ಕೈ ಮುಗಿದು, "ಚೊಲೋ ಆತು ಮಗಾ. ದಿನಾ ಹಿಂಗೇ ಸಾಂಬನ ಹೆಸರು ತಗೋ," ಎಂದಳು. ನನಗೆ ನೆನಪಾದದ್ದು 'ಶೋಲೆ'ಯಲ್ಲಿ ಬಂಡೆ ಮೇಲೆ ಕೂತ ಸಾಂಬಾ. ಕಂಪ್ಯೂಟರಿನ ಸಾಂಬಾನೂ ಅವನಂತೆಯೇ ಮಿತಭಾಷಿ. ಏನು ಕೇಳಿದರೂ ಒಂದೇ ಉತ್ತರ: ಪ್ರವೇಶವಿಲ್ಲ.

ಲ್ಯಾಪ್‌ಟಾಪಿನ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡಲಿಲ್ಲ. ರಾತ್ರಿ ಹತ್ತಕ್ಕೆ ಹುಡುಗ ಹಣೆ ಬಡಿದುಕೊಂಡ. ಸಾಂಬಾ ತನ್ನದೇ ಪಾಸ್‌ವರ್ಡ್ ಪುಸ್ತಕ ಇಟ್ಟುಕೊಳ್ಳುತ್ತದಂತೆ. ಅದರಲ್ಲಿ ಹೆಸರು ಬೇರೆ ಬರೆಸಬೇಕಂತೆ. ಅಂದರೆ ತಲಬಾಗಿಲ ಕೀಲಿ ಬೇರೆ, ಖೋಲಿಯ ಕೀಲಿ ಬೇರೆ. ಇದರ ಮೇಲೆ, ಕಡತದ ದಾರಿ ಬರೆಯುವಾಗ ವಿಂಡೋಸಿನ ಓರೆಗೆರೆ ಹಿಂದಕ್ಕೆ ವಾಲುತ್ತದೆ, ಲಿನಕ್ಸಿನದು ಮುಂದಕ್ಕೆ. ಬೀಗರ ನಡುವೆಯೂ ಇಷ್ಟು ಸೆಡವು ನಾನು ನೋಡಿಲ್ಲ.

ಮೂರನೇ ದಿನ ಕೆಳಗಿನ ಕಂಪ್ಯೂಟರಿನಲ್ಲಿ 'ಲಗ್ನ' ಎಂಬ ಫೋಲ್ಡರ್ ಕಂಡಿತು. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಮರಳಿ ಬಂದಾಗ ರೂಟರ್ ಲ್ಯಾಪ್‌ಟಾಪಿಗೆ ಹೊಸ ವಿಳಾಸ ಕೊಟ್ಟಿತ್ತು; ಹಳೆಯ ವಿಳಾಸದಲ್ಲಿ ಯಾರೂ ಇಲ್ಲ. ನಮ್ಮಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೋ ಅಷ್ಟು ಸಲ ಮನೆ ಬದಲಿಸುವ ಬಾಡಿಗೆದಾರ! ಕೊನೆಗೆ ರೂಟರಿನಲ್ಲೇ ಆ ವಿಳಾಸವನ್ನು ಲ್ಯಾಪ್‌ಟಾಪಿನ ಹೆಸರಿಗೆ ಖಾಯಂ ಮಾಡಿದ.

"ಬಂತು ಕಾಕಾ, ಬಂತು!"

ಓಡಿ ಹೋಗಿ ನೋಡಿದೆ. ಮಗಳ ಹೆಸರಿದ್ದಲ್ಲಿ ಟೋಪಿ ಹಾಕಿದ ಎ, ಬಾಲ ಬಿಟ್ಟ ಸಿ, ತಲೆ ಮೇಲೆ ಎರಡು ಚುಕ್ಕಿ ಹೊತ್ತ ಯು. ನಾನು ಬಳಸಿದ್ದು ನುಡಿಯ ಹಳೆಯ ಅಕ್ಷರ. ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡವನ್ನು ಕೂರಿಸುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಮೂಲ ಮಾಲೀಕರೇ ಎದ್ದು ಕೂರುತ್ತಾರೆ.

"ಎರಡೂ ಮಾತಾಡ್ಲತ್ಯಾವ ಖರೇ ಕಾಕಾ," ಎಂದ ಮೆಲ್ಲಗೆ, "ಕನ್ನಡ ಅಷ್ಟೇ ಬರಲ್ಲ."

ಮಳಖೇಡ ನಮ್ಮ ಸೇಡಂ ತಾಲೂಕಿನದೇ. 9ನೇ ಶತಮಾನದಲ್ಲಿ ಅಲ್ಲಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು. ಅಂಥ ತಾಲೂಕಿನಲ್ಲಿ ನನ್ನ ಕನ್ನಡಕ್ಕೆ 12 ಮೆಟ್ಟಿಲು ಹತ್ತುವ ಮಾರ್ಗ ಸಿಗಲಿಲ್ಲ.

"ಯುನಿಕೋಡಿಗೆ ತಿರುಗಿಸ್ತೀನಿ. ಐದು ಮಿನಿಟ್..."

ಅಷ್ಟರಲ್ಲಿ ನಾನು ಸೇಡಂ ಬಸ್ಸಿನಲ್ಲಿದ್ದೆ. ಪ್ರೆಸ್ಸಿನವರ ಬಳಿ ನುಡಿ ಇತ್ತು, ನನ್ನ ಕಿಸೆಯಲ್ಲಿ ಪೆನ್‌ಡ್ರೈವ್ ಇತ್ತು.

ಲಗ್ನದ ದಿನ ಊಟದ ಪಂಕ್ತಿಯಲ್ಲಿ ಚಿತ್ತಾಪುರದ ಬೀಗರೊಬ್ಬರು ಸಹಜವಾಗಿ, "ನಮ್ಮ ಮನ್ಯಾಗೂ ಎರಡು ಕಂಪ್ಯೂಟರ್ ಅವ ನೋಡ್ರಿ," ಎಂದರು. ಬಡಿಸುತ್ತಿದ್ದ ನಮ್ಮ ಹುಡುಗ ಹೋಳಿಗೆ ಪುಟ್ಟಿಯನ್ನು ಅಲ್ಲೇ ಇಟ್ಟು ಅವರ ಪಕ್ಕ ಕೂತ. "ಒಂದರಾಗ ಲಿನಕ್ಸ್ ಹಾಕಿ ಜೋಡಿಸಿ ಕೊಡ್ತೀನಿ ಮಾಮಾ. ಐದು ಮಿನಿಟಿನ ಕೆಲಸ."

ಬೀಗರು ಹೊರಡುವಾಗ ಅವರ ಕೈಯಲ್ಲಿ ನನ್ನ ಪೆನ್‌ಡ್ರೈವ್ ಇಟ್ಟೆ.

"ಇದೇನ್ರಿ?"

"ಆಯೇರಿ ಅಂತ ತಿಳ್ಕೋರಿ. ಬೇಕಾಗ್ತದ."